ಅಂಚಿನವರೆಗೆ ತುಂಬಿದ ಬಟ್ಟಲು

"ಆ ಬಟ್ಟಲನ್ನ ಕೆಳಗಿಡಿ! ಉಗುರಲ್ಲಿ ಕುಟ್ಟಿ ನೋಡೋಕೆ ಅದೇನು ಕಲ್ಲಂಗಡಿಯಾ?"

ಕುಂಚವನ್ನು ಎತ್ತಿ ಹಿಡಿದೇ ಹುಲ್ಕರ್ ಕೂಗಿದಳು. ರಿಷ್ತಾನ್ ಊರಿನಲ್ಲಿ ಎಲ್ಲರೂ ಉಸ್ತಾ, ಅಂದರೆ ಗುರು, ಎಂದು ಕರೆಯುವ ಇಸ್ಮತ್ ಅವರ ಕುಂಬಾರಿಕೆಯ ಅಂಗಳದಲ್ಲಿ ಚಹಾ ಬಟ್ಟಲುಗಳಿಗೆ ಬಣ್ಣ ಬರೆಯುವುದು ಅವಳ ಕೆಲಸ. ತಾನು ಬರೆದದ್ದನ್ನು ಅನುಮಾನದಿಂದ ಕುಟ್ಟುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಎತ್ತರದ ಯುವಕ ತಿರುಗಿದ. ಬೈಸಿಕೊಂಡವನ ಮುಖದಲ್ಲಿ ನಗು!

"ಬಿರುಕಿದ್ರೆ ಸದ್ದಲ್ಲೇ ಗೊತ್ತಾಗುತ್ತೆ, ಅದಕ್ಕೆ."

"ಬಿರುಕಿದ್ದದ್ದು ನಮ್ಮ ಕಪಾಟಿಗೇ ಬರಲ್ಲ."

"ಒಪ್ಪಿದೆ. ಆದ್ರೆ ಬಟ್ಟಲು ದೊಡ್ಡದಾಯ್ತು. ಕೋಕಂದಿನಲ್ಲಿ ನಮ್ಮದು ಚಹಾಖಾನೆ. ಹೊಸ ಕೆಲಸದವರು ಬಂದಿದ್ದಾರೆ. ಇಷ್ಟು ದೊಡ್ಡದು ಕೈಗೆ ಕೊಟ್ರೆ ಅಂಚಿನವರೆಗೂ ಸುರಿದುಬಿಡ್ತಾರೆ. ಬಂದೋರು ಎದ್ದು ಹೋಗ್ತಾರೆ!"

ಹುಲ್ಕರ್‌ಗೆ ನಗು ತಡೆಯಲಾಗಲಿಲ್ಲ. ಚಹಾ ಕಡಿಮೆ ಹಾಕಿದಷ್ಟೂ ಮರ್ಯಾದೆ ಹೆಚ್ಚು. 'ಕೂತಿರಿ, ಮತ್ತೆ ಮತ್ತೆ ಹಾಕಿಕೊಡುತ್ತೇನೆ' ಎಂದು ಅದರ ಅರ್ಥ. ಅಂಚಿನವರೆಗೆ ತುಂಬಿದರೆ 'ಕುಡಿದು ಹೊರಡಿ' ಎಂದು. ಫರ್ಗಾನಾ ಕಣಿವೆಯಲ್ಲಿ ಇದನ್ನು ಮಗುವಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

"ಹಾಗಾದ್ರೆ ಒಳಗೊಂದು ನೀಲಿ ಗೆರೆ ಎಳೀತೀನಿ. ಚಹಾ ಅಲ್ಲಿವರೆಗೆ ಮಾತ್ರ ಅಂತ ಹೇಳಿಬಿಡಿ," ಎಂದಳು.

"ಎಲ್ಲಾ ಬಟ್ಟಲಲ್ಲೂ ಒಂದೇ ಎತ್ತರಕ್ಕೆ? ಬರೀ ಕೈಯಲ್ಲೇ?"

"ನನ್ನ ಕೈ ನಡುಗಲ್ಲ!"

ಆ ಮಾತನ್ನು ಮುಂದೆ ಎಷ್ಟು ಸಲ ನೆನೆದು ಅತ್ತಳೋ...

ಯುವಕನ ಹೆಸರು ಎಲ್ಯೋರ್. ಆ ಚಳಿಗಾಲವಿಡೀ ಬಟ್ಟಲಿನ ನೆಪದಲ್ಲಿ ರಿಷ್ತಾನಿಗೆ ಬರುತ್ತಲೇ ಇದ್ದ. ಒಮ್ಮೆ ಗೆರೆ ದಪ್ಪವಾಯಿತು ಎಂದ. ಮತ್ತೊಮ್ಮೆ ತೆಳುವಾಯಿತು ಎಂದ. ಮೂರನೆಯ ಸಲ ಏನೂ ಹೇಳದೆ ಸುಮ್ಮನೆ ಕುಳಿತ. 'ನೀವು' ಹೋಗಿ 'ನೀನು' ಬಂತು. ಅವಳು ಮಾತ್ರ ಊರಿನ ವಾಡಿಕೆಯಂತೆ ಅವನ ಹೆಸರಿಗೆ ಅಣ್ಣನೆಂಬ ಮರ್ಯಾದೆಯ 'ಅಕಾ' ಸೇರಿಸಿ, ಎಲ್ಯೋರ್ ಅಕಾ ಎಂದೇ ಕರೆಯುತ್ತಿದ್ದಳು.

"ಆ ಹುಡುಗನಿಗೆ ಬೇಕಾಗಿರೋದು ಬಟ್ಟಲಲ್ಲ ಕಣಮ್ಮ," ಎಂದು ಉಸ್ತಾ ಒಲೆಗೆ ಸೌದೆ ಒಟ್ಟುತ್ತಲೇ ಗೊಣಗಿದರು.

ಅವಳ ಕಿವಿ ಕೆಂಪಾಯಿತು.

ಚಳಿ ಮುಗಿಯುವ ಹೊತ್ತಿಗೆ ಕೇರಿಗೆಲ್ಲ ಫ್ಲೂ ಜ್ವರ ಬಂತು. ಹುಲ್ಕರ್‌ಗೂ ಬಂತು. ಕೆಲವು ದಿನ ಮೈ ಕಾದು, ಕೆಮ್ಮಿ, ಬಿಟ್ಟಿತು. ಎಲ್ಲರಂತೆ ಅವಳೂ ಎದ್ದು ಕೆಲಸಕ್ಕೆ ಹೋದಳು. ಜ್ವರ ಮರೆತೂ ಹೋಯಿತು.

ಎಲ್ಯೋರ್ ಮನೆಯವರು ಹೆಣ್ಣು ಕೇಳಲು ಬರುತ್ತೇವೆಂದು ಹೇಳಿ ಕಳಿಸಿದ್ದು ಆಗಲೇ. ಆ ವಾರವೇ ಅವಳ ಕಾಲ್ಬೆರಳುಗಳಲ್ಲಿ ಜುಮುಜುಮು ಶುರುವಾಯಿತು. ಆಮೇಲೆ ಕೈಬೆರಳುಗಳಲ್ಲಿ. ಕುಂಚ ಹಿಡಿದರೆ ಹಿಡಿದಂತೆಯೇ ಇಲ್ಲ!

"ಅಮ್ಮಾ... ಕೈಯಲ್ಲಿ ಬಲ ಇಲ್ಲ. ಮೆಟ್ಟಿಲು ಹತ್ತೋಕೂ ಕಷ್ಟ ಆಗ್ತಿದೆ."

ತಾಯಿ ಮುಕರ್ರಮ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದವಳು; ಕೇರಿಯ ಬಾಯಿಗೆ ಹೆದರಿಯೇ ಬದುಕಿದವಳು.

"ಜ್ವರದ ಸುಸ್ತು. ನಾಳೆ ಅವರು ಹೋಗೋವರೆಗೆ ಬಾಯಿ ಬಿಡಬೇಡ, ನಿನ್ನ ದಮ್ಮಯ್ಯ. ಕಾಯಿಲೆ ಹುಡುಗಿ ಅಂತ ಒಂದು ಸಲ ಮಾತು ಹುಟ್ಟಿದ್ರೆ ಸಾಯೋವರೆಗೂ ಅಂಟ್ಕೊಳ್ಳುತ್ತೆ. ನಾಡಿದ್ದು ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಹುಲ್ಕರ್ ಒಪ್ಪಿಕೊಂಡಳು. ತಪ್ಪು ಅಲ್ಲೇ ಆಯಿತು.

ಮರುದಿನ ಅಂಗಳದ ಮರದ ಜಗಲಿಯ ಮೇಲೆ ಎಲ್ಯೋರ್‌ನ ಅಕ್ಕ ತುರ್ಸುನೊಯ್, ಸೋದರಮಾವ, ಇಬ್ಬರ ಹಿಂದೆ ತಾನು ಬರೀ ಗಾಡಿ ಓಡಿಸಿಕೊಂಡು ಬಂದವನೆಂಬಂತೆ ಎಲ್ಯೋರ್. ಮಧ್ಯದಲ್ಲಿ ಮುರಿಯದ ಎರಡು ರೊಟ್ಟಿ. ಮಾತು ಕೂಡಿದರೆ ಹಿರಿಯರು ಆ ರೊಟ್ಟಿಯನ್ನು ಮುರಿಯುತ್ತಾರೆ. ಅಲ್ಲಿಗೆ ಸಂಬಂಧ ಗಟ್ಟಿ.

"ಹುಡುಗಿ ಚಹಾ ಕೊಡ್ಲಿ, ಆಮೇಲೆ ರೊಟ್ಟಿ," ಎಂದರು ಮಾವ.

ಹುಲ್ಕರ್ ಕುಳಿತಳು. ಹೊಸ ಚಹಾವನ್ನು ಹೂಜಿಯಿಂದ ಬಟ್ಟಲಿಗೆ ಸುರಿದು, ಮತ್ತೆ ಹೂಜಿಗೇ ಮರಳಿಸಬೇಕು. ಹದ ಬರಲು ಹಾಗೆ ಮೂರು ಸಲ. ಅದಾದ ಮೇಲೆಯೇ ಹಂಚುವುದು. ಒಂದೊಂದು ಸಲಕ್ಕೂ ಹೂಜಿ ಒಂದೊಂದು ಸೇರು ಹೆಚ್ಚಾದಂತೆ ಭಾರವಾಯಿತು. ಮಾವನಿಗೆ ಸರಿಯಾಗಿ ಹಾಕಿದಳು. ತುರ್ಸುನೊಯ್‌ಗೆ ಎರಡೂ ಕೈಯಲ್ಲಿ ಹಿಡಿದು ಹಾಕಿದಳು. ಬೆನ್ನಲ್ಲಿ ಬೆವರು ಹರಿಯಿತು.

ಕೊನೆಗೆ ಎಲ್ಯೋರ್‌ನ ಬಟ್ಟಲು. ಅದರಲ್ಲಿ ಅವಳೇ ಎಳೆದ ನೀಲಿ ಗೆರೆ.

ಚಹಾ ಗೆರೆ ಮುಟ್ಟಿತು. ಸಾಕು... ಈಗ ಮಣಿಕಟ್ಟು ಮೇಲೆತ್ತಬೇಕು...

ಮಣಿಕಟ್ಟು ಏಳಲಿಲ್ಲ!

ಗೆರೆ ಮುಳುಗಿತು. ಚಹಾ ಏರುತ್ತಲೇ ಹೋಗಿ, ಅಂಚಿಗೆ ಬಂದು, ಉಬ್ಬಿ ನಿಂತಿತು. ಹೂಜಿ ದಡ್ ಎಂದು ಜಗಲಿಗೆ ಬಿತ್ತು.

ಎಲ್ಯೋರ್ ಬಟ್ಟಲನ್ನು ನೋಡಿದ. ಅವಳನ್ನು ನೋಡಿದ. ಅವನ ಕಣ್ಣಲ್ಲಿ ಒಂದು ಪ್ರಶ್ನೆ ಇತ್ತು.

'ಕೈ ಜಾರಿತು' ಎಂಬ ಒಂದು ಮಾತು ಸಾಕಿತ್ತು. ಆದರೆ ಎದುರಿಗೇ ತಾಯಿಯ ಬೇಡುವ ಮುಖ... ಹುಲ್ಕರ್ ತಲೆ ತಗ್ಗಿಸಿದಳು.

ಎಲ್ಯೋರ್ ಆ ಸುಡುವ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬಟ್ಟಲನ್ನು ಬೋರಲು ಹಾಕಿದ.

"ರಹಮತ್," ಎಂದ. ಉಪಕಾರವಾಯಿತು ಎಂದಷ್ಟೇ. ಎದ್ದ.

"ಅಷ್ಟೇನೂ ಓದಿಲ್ಲದ ನಾವೂ ಈ ಮಾತು ಅರ್ಥ ಮಾಡ್ಕೋತೀವಮ್ಮ," ಎಂದು ತುರ್ಸುನೊಯ್ ಶಾಲು ಕೊಡವಿದಳು. "ಬೇಡ ಅಂತ ಮೊದ್ಲೇ ಹೇಳಿದ್ರೆ ದಾರಿ ಖರ್ಚಾದ್ರೂ ಉಳೀತಿತ್ತು!"

ಗಾಡಿ ಹೊರಟ ಸದ್ದು ಕೇಳಿಸಿತು. ರೊಟ್ಟಿಗಳು ಹಾಗೆಯೇ ಇದ್ದವು.

'ಸಂಜೆ ಫೋನ್ ಮಾಡಿ ಎಲ್ಲಾ ಹೇಳ್ತೀನಿ,' ಎಂದುಕೊಂಡಳು ಹುಲ್ಕರ್. ಸಂಜೆಗೆ ಫೋನಿನ ಗಾಜನ್ನು ಒತ್ತುವಷ್ಟೂ ಬಲ ಬೆರಳಲ್ಲಿ ಉಳಿದಿರಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದಳು. ಕಾಲುಗಳು ಬರಲಿಲ್ಲ.

ಫರ್ಗಾನಾದ ಆಸ್ಪತ್ರೆಯಲ್ಲಿ ಡಾಕ್ಟರ್ ಸುರಯ್ಯಾ ರಬ್ಬರ್ ಸುತ್ತಿಗೆಯಿಂದ ಅವಳ ಮಂಡಿಗೆ ತಟ್ಟಿದರು. ಕಾಲು ಚಿಮ್ಮಲಿಲ್ಲ. ಇನ್ನೊಂದು ಮಂಡಿ. ಅದೂ ಇಲ್ಲ.

"ಇತ್ತೀಚೆಗೆ ಜ್ವರ ಬಂದಿತ್ತಾ?"

"ಬಂದಿತ್ತು ಡಾಕ್ಟ್ರೇ. ಫ್ಲೂ. ಆದ್ರೆ ಅದು ಹೋಯ್ತಲ್ಲ..."

ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ನರಗಳಲ್ಲಿ ವಿದ್ಯುತ್ ಹರಿಯುವ ವೇಗ ನೋಡಿದರು. ಆಮೇಲೆ ಡಾಕ್ಟರ್ ಹಾಸಿಗೆಯ ಅಂಚಿನಲ್ಲಿ ಕುಳಿತರು.

"ಇದಕ್ಕೆ ಗಿಲ್ಲಾನ್-ಬಾರೆ ಅಂತಾರೆ. ಜ್ವರ ಹೋಗಿದೆ, ಅದು ನಿಜ. ಆದ್ರೆ ಅದನ್ನ ಓಡಿಸೋಕೆ ನಿನ್ನ ಮೈ ಎಬ್ಬಿಸಿದ ಕಾವಲು ಪಡೆ ಇದೆಯಲ್ಲ, ಅದಿನ್ನೂ ಮಲಗಿಲ್ಲ. ನಿನ್ನ ನರಗಳ ಮೇಲಿನ ಹೊದಿಕೆಯನ್ನೇ ವೈರಿ ಅಂತ ತಪ್ಪು ತಿಳ್ಕೊಂಡು ಹೊಡೀತಿದೆ."

"ತನ್ನೋರನ್ನೇ?"

"ತನ್ನೋರನ್ನೇ."

"ವಾಸಿ ಆಗುತ್ತಾ?"

ಡಾಕ್ಟರ್ ಸುರಯ್ಯಾ ಸುಳ್ಳು ಹೇಳುವವರಲ್ಲ. "ಹೆಚ್ಚಿನೋರು ಎದ್ದು ನಡೀತಾರೆ. ಆದ್ರೆ ಮೊದಲು ಮೈಯ ಬಲ ಇನ್ನೂ ಕೆಳಗಿಳಿಯುತ್ತೆ. ಆಮೇಲೆ ನಿಲ್ಲುತ್ತೆ. ಆಮೇಲೆ ತುಂಬಾ ನಿಧಾನವಾಗಿ ಹತ್ತುತ್ತೆ. ನಮ್ಮ ಭಯ ಇರೋದು ಇಳಿಯೋ ಹೊತ್ತಲ್ಲಿ, ಉಸಿರಾಟದ ಬಗ್ಗೆ. ಉದ್ದದ ಮಾತೊಂದನ್ನ ಒಂದೇ ಉಸಿರಲ್ಲಿ ಹೇಳ್ತಾ ಇರು. ಮಾತು ಮಧ್ಯದಲ್ಲಿ ಮುರಿದ್ರೆ ತಕ್ಷಣ ನರ್ಸ್‌ನ ಕರಿ."

ಯಾವ ಮಾತು? ಹುಲ್ಕರ್‌ಗೆ ಹುಡುಕಬೇಕಾಗಿ ಬರಲಿಲ್ಲ.

"ಎಲ್ಯೋರ್ ಅಕಾ, ಅವತ್ತು ಬಟ್ಟಲು ತುಂಬಿದ್ದು ನನ್ನ ಕೈ, ನನ್ನ ಮನಸ್ಸಲ್ಲ."

ಒಂದೇ ಉಸಿರು. ಪೂರ್ತಿ ಬಂತು.

"ಅಮ್ಮಾ, ಅವರಿಗೆ ಫೋನ್ ಮಾಡು. ಒಂದೇ ಒಂದು ಮಾತು..."

"ಮೊದಲು ನೀನು ಹುಷಾರಾಗು ಮಗಳೇ. ಈ ಸ್ಥಿತಿಯಲ್ಲಿ ಅವರು ನೋಡಿದ್ರೆ..."

"ಹುಷಾರಾಗದೇ ಹೋದ್ರೆ?"

ಮುಕರ್ರಮ್ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ಹೊರಗೆ ಹೋದಳು. ಕೇರಿಯಲ್ಲಿ ಕೇಳಿದವರಿಗೆಲ್ಲ, ಮಗಳು ತಾಷ್ಕೆಂಟಿನ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಎಂದು ಹೇಳಿಬಿಟ್ಟಿದ್ದಳು. ಅಷ್ಟೇ ಅಲ್ಲ... ಬಟ್ಟೆ ತರಲು ರಿಷ್ತಾನಿಗೆ ಹೋದ ದಿನ ಎಲ್ಯೋರ್ ಮನೆ ಬಾಗಿಲಿಗೇ ಬಂದು, "ಯಾಕೆ ಹಾಗೆ ಮಾಡಿದ್ಲು, ಅವಳ ಬಾಯಿಂದಲೇ ಕೇಳ್ಬೇಕು," ಎಂದಿದ್ದ. ಅವನಿಗೂ ಅದೇ ಸುಳ್ಳು! ಆ ವಿಷಯ ಹುಲ್ಕರ್‌ಗೆ ಗೊತ್ತಿರಲಿಲ್ಲ.

ಯಂತ್ರಕ್ಕೆ ಜೋಡಿಸಿ, ಅವಳ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ತಪ್ಪು ತಿಳಿದ ಕಾವಲುಗಾರರನ್ನು ಅದರೊಂದಿಗೇ ಹೊರಹಾಕುವ ಚಿಕಿತ್ಸೆ ಶುರುವಾಯಿತು. ಆದರೂ ಮೈಯ ಬಲ ಇಳಿಯುತ್ತಲೇ ಇತ್ತು. ಸೋಲು ಸೊಂಟಕ್ಕೆ ಬಂತು. ಭುಜಕ್ಕೆ ಬಂತು. ಒಂದು ಬೆಳಿಗ್ಗೆ ನರ್ಸ್ ತಮಾಷೆ ಮಾಡಿದಾಗ ಹುಲ್ಕರ್ ನಕ್ಕಳು, ಮುಖ ನಗಲಿಲ್ಲ.

"ಎಲ್ಯೋರ್ ಅಕಾ, ಅವತ್ತು ಬಟ್ಟಲು ತುಂಬಿದ್ದು ನನ್ನ ಕೈ..."

ಉಸಿರು ಸಾಲಲಿಲ್ಲ. ಇನ್ನೊಮ್ಮೆ ಎಳೆದುಕೊಂಡು, "ನನ್ನ ಮನಸ್ಸಲ್ಲ."

ಯಾರನ್ನೂ ಕರೆಯಲಿಲ್ಲ ಅವಳು. ಕರೆದರೆ ಬಾಯಿಗೆ ಕೊಳವೆ ಹಾಕುತ್ತಾರೆ. ಕೊಳವೆ ಹಾಕಿದರೆ ಈ ಮಾತು ಒಳಗೇ ಉಳಿಯುತ್ತದೆ. ಅವನು ಬರಬಹುದು... ಇವತ್ತು ಬರಬಹುದು...

"ಎಲ್ಯೋರ್ ಅಕಾ, ಅವತ್ತು..."

ಅಲ್ಲಿಗೇ ಮುಗಿಯಿತು.

ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ಸುರಯ್ಯಾ ಕೇಳಿಸಿಕೊಂಡರು. "ಮುರೀತಲ್ಲ ಮಾತು? ಯಾಕೆ ಕರೀಲಿಲ್ಲ ಹುಚ್ಚಿ?" ಎಂದು ಗದರುತ್ತಲೇ ಮಂಚವನ್ನು ತಾವೇ ಐಸಿಯು ಕಡೆಗೆ ತಳ್ಳಿದರು. "ಹೆದರ್ಬೇಡ. ಯಂತ್ರ ನಿನ್ನ ಬದಲು ಉಸಿರಾಡುತ್ತೆ. ನೀನು ಕಾಯ್ತಾ ಇರು, ಅಷ್ಟೇ ನಿನ್ನ ಕೆಲಸ."

ಕಾಯುವುದೊಂದೇ ಕೆಲಸ! ಮೈ ಕಲ್ಲಾಗಿತ್ತು; ಮನಸ್ಸು ಮಾತ್ರ ಎಂದಿನಂತೆ ಎಚ್ಚರವಾಗಿತ್ತು. ಯಂತ್ರ ಉಸಿರು ತುಂಬುತ್ತಿತ್ತು, ತೆಗೆಯುತ್ತಿತ್ತು. ಕಣ್ಣು ಮುಚ್ಚಿದರೆ ಅಂಚಿಗೆ ಉಬ್ಬಿ ನಿಂತ ಚಹಾ. ನನ್ನ ಮೈಯೇ ನನ್ನನ್ನ ವೈರಿ ಅಂದ್ಕೊಂಡಿದೆ... ಅವರೂ ಹಾಗೇ ಅಂದ್ಕೊಂಡಿರ್ತಾರೆ... ಇಬ್ಬರಿಗೂ ಹೇಗೆ ತಿಳಿಸಲಿ?

ಕಣ್ಣೀರು ಬಂದರೆ ಒರೆಸಿಕೊಳ್ಳಲೂ ಕೈ ಇಲ್ಲ. ಮುಕರ್ರಮ್ ಒರೆಸುತ್ತಿದ್ದಳು.

ಕೊನೆಗೆ ಇಳಿಯುವುದು ನಿಂತಿತು. ಒಂದು ಮಧ್ಯಾಹ್ನ ಅವಳ ಹೆಬ್ಬೆರಳು ಹೊದಿಕೆಯ ಕೆಳಗೆ ಒಂದಿಷ್ಟು ಸರಿಯಿತು. ತಾಯಿ ಅದನ್ನು ಕಂಡು ಕಾರಿಡಾರಿನಲ್ಲಿ ಕೂಗಾಡಿದ್ದಕ್ಕೆ ಕಾವಲುಗಾರ ಓಡಿಬಂದನಂತೆ! ಕೆಲವು ದಿನಗಳ ಮೇಲೆ ಕೊಳವೆ ತೆಗೆದರು. ಸಾಮಾನ್ಯ ವಾರ್ಡಿಗೆ ತಂದರು. ದನಿ ಒಡಕು, ಉಸಿರು ಗಿಡ್ಡ.

"ನಡಿಗೆ ಬರುತ್ತೆ," ಎಂದರು ಡಾಕ್ಟರ್. "ಕುಂಚ ಹಿಡಿಯೋ ಬೆರಳಿನ ಬಗ್ಗೆ ಈಗಲೇ ಮಾತು ಕೊಡಲ್ಲ. ನರ ತನ್ನ ಹೊದಿಕೆ ತಾನೇ ನೇಯ್ಕೋಬೇಕು. ಅದಕ್ಕೆ ಅವಸರ ಅಂದ್ರೆ ಏನಂತ ಗೊತ್ತಿಲ್ಲ."

ಆ ದಿನವೇ ವಾರ್ಡಿನ ಬಾಗಿಲಲ್ಲಿ ಎತ್ತರದ ನೆರಳೊಂದು ನಿಂತಿತು.

ಎಲ್ಯೋರ್!

ಹುಲ್ಕರ್ ಮುಖ ತಿರುಗಿಸಬೇಕೆಂದುಕೊಂಡಳು. ಕತ್ತು ತಿರುಗಲಿಲ್ಲ. ಜೋಲು ಬಿದ್ದ ತುಟಿ, ಬಾಚದ ತಲೆ... ಹೀಗಾ ನೋಡಬೇಕು ಅವರು ನನ್ನನ್ನ?

"ತಾಷ್ಕೆಂಟ್ ತುಂಬಾ ಹತ್ತಿರ ಬಂದುಬಿಟ್ಟಿದೆ ಅಮ್ಮ," ಎಂದ ಎಲ್ಯೋರ್, ಮುಕರ್ರಮ್ ಕಡೆ ನೋಡಿ.

ಮುಕರ್ರಮ್ ಬಿಳಿಚಿಕೊಂಡಳು. "ಬೈಯಪ್ಪಾ. ಬೈದ್ರೆ ಹಗುರ ಆಗುತ್ತೆ ನನಗೆ. ಹೆದರಿ ಸುಳ್ಳು ಹೇಳ್ದೆ."

"ಬೈಯೋ ಹಕ್ಕು ನನಗಿಲ್ಲ." ಅವನು ಚೀಲದಿಂದ ಹಳೆ ಬಟ್ಟೆಯಲ್ಲಿ ಸುತ್ತಿದ್ದ ಎರಡು ಬಟ್ಟಲು ತೆಗೆದು ಹುಲ್ಕರ್ ಕಡೆ ತಿರುಗಿದ. "ಉಸ್ತಾ ಹತ್ರ ನನ್ನ ಸರಕು ತರೋಕೆ ಹೋಗಿದ್ದೆ, ಲೆಕ್ಕ ಮುಗಿಸಿ ಇನ್ನು ಆ ಕಡೆ ತಲೆ ಹಾಕಬಾರದು ಅಂತ. ಕಪಾಟಲ್ಲಿ ನೀನು ಬರೆದ ವರಸೆಯಲ್ಲೇ ಇಟ್ಟಿದ್ರು. ಇದು ಮೊದಲ ಸಾಲಿನದು."

ಒಳಗಿನ ನೀಲಿ ಗೆರೆ ಕೂದಲೆಳೆಯಂತೆ ನೇರವಾಗಿತ್ತು.

"ಇದು ಕೊನೆಯ ಸಾಲಿನದು."

ಗೆರೆ ಏರಿ, ಇಳಿದು, ಒಂದು ಕಡೆ ದಪ್ಪವಾಗಿ, ಕೊನೆಗೆ ತನ್ನ ಆರಂಭವನ್ನು ಮುಟ್ಟದೆ ನಿಂತುಬಿಟ್ಟಿತ್ತು.

"ಮಧ್ಯದ ಸಾಲುಗಳಲ್ಲಿ ಅದು ಹೇಗೆ ಕೆಡ್ತಾ ಬಂತು ಅಂತ ಕಣ್ಣಿಗೇ ಕಾಣುತ್ತೆ ಹುಲ್ಕರ್. 'ಯಾರ ಕೈ ಉಸ್ತಾ ಇದು?' ಅಂದೆ. 'ಅವಳದೇ. ಹೆಣ್ಣು ಕೇಳೋಕೆ ನೀವು ಬರೋ ಹಿಂದಿನ ದಿನ ಬರೆದದ್ದು. ಎಸೆಯೋಕೆ ಮನಸ್ಸು ಬರ್ಲಿಲ್ಲ, ಸುಟ್ಟಿಟ್ಟೆ,' ಅಂದ್ರು. ನನ್ನ ಕೈ ನಡುಗಲ್ಲ ಅಂದೋಳ ಗೆರೆ ಹೀಗಾದ್ರೆ... ನಿಮ್ಮಮ್ಮ ನಿಜ ಹೇಳಿದ್ದು ಉಸ್ತಾಗೆ ಮಾತ್ರವಂತೆ; ಅವರ ಬಾಯಿಂದ ಆಸ್ಪತ್ರೆ ಹೆಸರು ಹೊರಡಿಸೋಕೆ ಅರ್ಧ ದಿನ ಹಿಡೀತು."

ಹುಲ್ಕರ್ ಉಸಿರು ಎಳೆದುಕೊಂಡಳು. ಇಷ್ಟು ದಿನ ಕಾದಿಟ್ಟ ಮಾತು.

"ಎಲ್ಯೋರ್ ಅಕಾ... ಅವತ್ತು..."

ಉಸಿರು ಮುಗಿಯಿತು. ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ಸುಮ್ಮನೆ ಕಾದ.

"ಬಟ್ಟಲು ತುಂಬಿದ್ದು... ನನ್ನ ಕೈ..."

ಕಾದ.

"ನನ್ನ... ಮನಸ್ಸಲ್ಲ."

"ಗೊತ್ತು," ಎಂದ ಎಲ್ಯೋರ್. ಅವನ ಕಣ್ಣು ತುಂಬಿತ್ತು.

"ಗೊತ್ತಿದ್ರೂ... ಯಾಕೆ ಪೂರ್ತಿ ಹೇಳಿಸಿದ್ರಿ?"

"ಅವತ್ತು ನಾನು ಕಾಯಲಿಲ್ಲ. ಒಂದು ಗಳಿಗೆ ಕಾದಿದ್ರೆ ನಿನ್ನ ಕೈ ನೋಡ್ತಿದ್ದೆ. ಬಟ್ಟಲು ಮಾತ್ರ ನೋಡಿದೆ. ಅದಕ್ಕೆ ಇವತ್ತು ಕಾದೆ."

ಎದೆಯ ಮೇಲಿಂದ ದೊಡ್ಡ ಕಲ್ಲು ಇಳಿಯಿತು ಹುಲ್ಕರ್‌ಗೆ. ಮರುಗಳಿಗೆಯೇ ಇನ್ನೊಂದು ಭಯ ಅಲ್ಲಿ ಬಂದು ಕುಳಿತಿತು. ಇದು ಕನಿಕರ. ಕನಿಕರಕ್ಕೆ ಕೂತಿದ್ದಾರೆ. ಕೈ ವಾಪಸ್ ಬರದಿದ್ದರೆ? ವರ್ಷಗಟ್ಟಲೆ ಹೀಗೆ ಎತ್ತಿ ಕೂರಿಸಬೇಕಾದರೆ? ಒಂದು ದಿನ ಬೇಸತ್ತು ನೋಡುತ್ತಾರಲ್ಲ, ಆ ನೋಟ...

"ಅಮ್ಮಾ. ಅವರಿಗೆ ಚಹಾ ಕೊಡು. ಅದೇ... ಬಟ್ಟಲಲ್ಲಿ. ಅಂಚಿನವರೆಗೆ."

"ಏನೇ ಹೇಳ್ತಿದ್ದೀಯಾ?"

"ತುಂಬಮ್ಮ!"

ಮುಕರ್ರಮ್ ಹೂಜಿ ಎತ್ತಿಕೊಂಡಳು. ಹಿಂದೊಮ್ಮೆ ಮಗಳ ಬಾಯಿ ಕಟ್ಟಿದವಳು ಈ ಸಲ ಕಟ್ಟಲಿಲ್ಲ. ಸೊಟ್ಟ ಗೆರೆಯ ಬಟ್ಟಲಿಗೆ ಚಹಾ ಸುರಿದಳು. ಗೆರೆ ಮುಳುಗಿತು. ಚಹಾ ಅಂಚಿಗೆ ಬಂದು ಉಬ್ಬಿ ನಿಂತಿತು.

"ಇದು... ಕೈಯಲ್ಲ. ಇದು... ಮನಸ್ಸೇ," ಎಂದಳು ಹುಲ್ಕರ್. "ಹೊರಡಿ ಎಲ್ಯೋರ್ ಅಕಾ. ನನ್ನ ಬೆರಳಿಗೆ... ಡಾಕ್ಟ್ರೇ ಮಾತು ಕೊಟ್ಟಿಲ್ಲ. ನೀವು... ಕೊಡಬೇಡಿ."

ಎಲ್ಯೋರ್ ಬಟ್ಟಲನ್ನು ನೋಡಿದ. ನಂತರ ಅವಳ ಮುಖವನ್ನು ನೋಡಿದ, ಈ ಸಲ ಅವಸರವಿಲ್ಲದೆ. ಜೋಲು ಬಿದ್ದ ತುಟಿಯ ಮೇಲಿದ್ದ ಕಣ್ಣುಗಳು ಹೊರಡಿ ಎನ್ನುತ್ತಿರಲಿಲ್ಲ.

ಅವನು ಬಟ್ಟಲನ್ನು ಎತ್ತಿದ. ಕುಡಿಯಲಿಲ್ಲ. ಹೂಜಿಯ ಮುಚ್ಚಳ ತೆಗೆದು, ಚಹಾವನ್ನೆಲ್ಲ ಅದಕ್ಕೇ ಮರಳಿ ಸುರಿದ.

"ಚಹಾ ಎಷ್ಟು ಸಲ ಮರಳಿಸಬೇಕು ಹುಲ್ಕರ್?"

"...ಮೂರು."

"ಮೂರಾಗದೆ ಹದ ಬರುತ್ತಾ?"

ಖಾಲಿ ಬಟ್ಟಲನ್ನು ಅವಳ ಹಾಸಿಗೆಯ ಪಕ್ಕ ಇಟ್ಟ.

"ಒಂದು ಸಲ ನಿಮ್ಮ ಜಗಲಿ ಮೇಲೆ ತುಂಬಿ ನೀನು ನನ್ನನ್ನ ಮರಳಿಸ್ದೆ. ಎರಡನೇ ಸಲ ಇವತ್ತು. ಇನ್ನೂ ಒಂದು ಬಾಕಿ ಇದೆ. ನಾನು ಚಹಾಖಾನೆಯವನು ಕಣೆ, ಹದ ಆಗದ ಚಹಾ ಬಿಟ್ಟು ಎಲ್ಲಿಗೂ ಹೋಗಲ್ಲ!"

ಮುಕರ್ರಮ್ ಅಳುತ್ತಾ ನಕ್ಕಳು. ಹುಲ್ಕರ್‌ಗೂ ನಗು ಬಂತು. ಮುಖ ಪೂರ್ತಿ ನಗಲಿಲ್ಲ. ಬಲಗಡೆಯ ತುಟಿಯ ತುದಿ ಮಾತ್ರ ಸ್ವಲ್ಪ ಮೇಲೆದ್ದಿತು. ಎಲ್ಯೋರ್‌ಗೆ ಅದು ಕಂಡಿತು.

ದಾಳಿಂಬೆ ಹಣ್ಣಾಗುವ ಕಾಲಕ್ಕೆ ಅದೇ ಜಗಲಿಯ ಮೇಲೆ ಅದೇ ಜನ ಕೂತಿದ್ದರು. ಮಧ್ಯದಲ್ಲಿ ಮುರಿಯದ ಎರಡು ರೊಟ್ಟಿ. ಹುಲ್ಕರ್ ಕೋಲು ಊರಿಕೊಂಡು ನಡೆದು ಬಂದಳು.

"ನಾನೇ ಹಾಕ್ತೀನಿ ಬಿಡಮ್ಮ, ನೀನು ಕೂತ್ಕೋ," ಎಂದು ತುರ್ಸುನೊಯ್ ಹೂಜಿಗೆ ಕೈ ಹಾಕಿದಳು. "ಅವತ್ತು ಆಡಿದ ಮಾತು ನೆನಸ್ಕೊಂಡ್ರೆ ನಾಲಿಗೆ ಕಚ್ಕೋಬೇಕು ಅನ್ಸುತ್ತೆ."

"ಬೇಡ ಅಕ್ಕ. ಇದು ನನ್ನ ಕೆಲಸ."

ಹೂಜಿಯಲ್ಲಿ ಅರ್ಧವೇ ಚಹಾ ಇಟ್ಟಿದ್ದಳು ತಾಯಿ. ಹುಲ್ಕರ್ ಎರಡೂ ಕೈಯಲ್ಲಿ ಹಿಡಿದಳು. ಮಣಿಕಟ್ಟು ನಡುಗಿತು. ಏಳುತ್ತದೆಯೋ ಇಲ್ಲವೋ... ಏಳುತ್ತದೆಯೋ ಇಲ್ಲವೋ...

ಎದ್ದಿತು!

ಬೇಗನೇ ಎದ್ದುಬಿಟ್ಟಿತು. ಎಲ್ಯೋರ್‌ನ ಬಟ್ಟಲಿನ ತಳದಲ್ಲಿ ಬರೀ ಒಂದು ಗುಟುಕು ಚಹಾ.

ಬಟ್ಟಲು ಹೊಸದು. ಆ ವಾರವೇ ಅವಳು ಬರೆದದ್ದು. ಒಳಗಿನ ಗೆರೆ ಇನ್ನೂ ನೇರವಾಗಿರಲಿಲ್ಲ. ಎರಡು ಕಡೆ ಡೊಂಕು. ಆದರೆ ಹೊರಟ ಕಡೆಗೇ ಸುತ್ತಿ ಬಂದು ಕೂಡಿಕೊಂಡಿತ್ತು.

"ಎಲ್ಯೋರ್ ಅಕಾ, ಅವತ್ತು ಬಟ್ಟಲು ತುಂಬಿದ್ದು ನನ್ನ ಕೈ, ನನ್ನ ಮನಸ್ಸಲ್ಲ, ಇವತ್ತು ಕೈಯೂ ನನ್ನದೇ, ಮನಸ್ಸೂ ನನ್ನದೇ."

ಒಂದೇ ಉಸಿರು.

ಮಾವ ರೊಟ್ಟಿಯನ್ನು ಎತ್ತಿಕೊಂಡರು. ಅದು ಮುರಿದ ಸದ್ದಿನಲ್ಲಿ ಎಲ್ಯೋರ್ ಬಟ್ಟಲಿನೊಳಗೆ ಇಣುಕಿ, ಅವಳಿಗೆ ಮಾತ್ರ ಕೇಳುವಂತೆ ಕೇಳಿದ:

"ಇಷ್ಟೇ ಇಷ್ಟು ಹಾಕಿದ್ದೀಯಲ್ಲೇ! ಇಷ್ಟೊಂದು ಮರ್ಯಾದೆನಾ?"

"ಹೂಂ. ಮತ್ತೆ ಮತ್ತೆ ಕೇಳ್ಬೇಕು ನೀವು."

"ಎಲ್ಲಿವರೆಗೆ?"

"ನನ್ನ ಗೆರೆ ನೇರ ಆಗೋವರೆಗೆ."

"ನೇರ ಆಗದಿದ್ರೆ?"

ಹುಲ್ಕರ್ ನಕ್ಕಳು. ಈ ಸಲ ತುಟಿಯ ಎರಡೂ ತುದಿ ಎದ್ದವು.

"ಆಗದಿದ್ರೆ ಕೂತೇ ಇರಿ."